ಹೆಚ್ಚಿನ ಹುಣ್ಣಿವಿ

ಬಳೆ ಏರಲಿಲ್ಲ. ಅನ್ನಪೂರ್ಣಾ ಸೋಪಿನ ನೀರಿನಲ್ಲಿ ಬೆರಳದ್ದಿ ತಾಯಿಯ ಅಂಗೈಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿದಳು, ಹೆಬ್ಬೆರಳನ್ನು ಒಳಗೆ ಮಡಿಚಲು ನೋಡಿದಳು. ರಾತ್ರಿಯೆಲ್ಲ ಗೋಡೆಗೆ ಆನಿಸಿ ಕೂರಿಸಿದ್ದ ಮೈಯ, ತಣ್ಣಗಾಗಿ ಸೆಟೆದ ಕೈ ಅದು, ಮಗಳ ಮಾತು ಕೇಳುವ ಹಾಗಿರಲಿಲ್ಲ. ಬದುಕಿದ್ದಾಗಲೂ ಅದು ಯಾರ ಮಾತನ್ನೂ ಕೇಳಿದ್ದಲ್ಲ ಬಿಡಿ. ಇನ್ನೊಂದಿಷ್ಟು ಜೋರು ಮಾಡಿದಾಗ ಚಿಟ್ ಎಂದಿತು. ಹಸಿರು ಗಾಜಿನ ಎರಡು ಚೂರು ಚಾಪೆಯ ಮೇಲೆ ಬಿದ್ದವು.

"ಹೆಚ್ಚಿತು," ಎಂದಳು ಪಕ್ಕದಲ್ಲಿ ಕುಳಿತಿದ್ದ ನೆರೆಯ ಬಳೆ ಅಂಗಡಿಯ ಸೋಮವ್ವ, ಬೇರೆ ಯಾರಾದರೂ ಬಾಯಿ ತೆರೆಯುವ ಮೊದಲೇ. "ಇರ್ಲಿ, ಇನ್ನೊಂದ ತಗೋ. ಸಾವಕಾಶ ಇಡು."

ಉಗರಗೋಳದ ಬಳೆ ಅಂಗಡಿಗಳ ಸಾಲಿನಲ್ಲಿ 'ಒಡೆಯಿತು' ಎಂಬ ಮಾತಿಗೆ ಜಾಗವಿಲ್ಲ. ಮುತ್ತೈದೆಯ ಕೈಯ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಎಲ್ಲಮ್ಮನ ಗುಡ್ಡಕ್ಕೆ ಬಂದ ದೂರದೂರಿನ ಹೆಂಗಸು ಯಾರಾದರೂ ಅಂಗಡಿಯ ಮುಂದೆ ಕುಳಿತು ಬಾಯಿ ತಪ್ಪಿ "ಅಯ್ಯ, ಒಡೀತು" ಅಂದರೆ ಅನ್ನಪೂರ್ಣಾಳ ತಾಯಿ ಮಾಯವ್ವ ಗಿರಾಕಿ ಎಂದೂ ನೋಡದೆ ಗದರುತ್ತಿದ್ದಳು. ಗದರಿದ ಮೇಲೆ ಬೇಜಾರಾಗದಿರಲಿ ಎಂದು ಡಜನ್ನಿನ ಮೇಲೆ ಇನ್ನೊಂದು ಬಳೆ ಏರಿಸಿ, "ಮ್ಯಾಲೊಂದು ಇರ್ಲಿ ತಾಯಿ" ಎನ್ನುತ್ತಿದ್ದಳು. ಆ ಮೇಲಿನದೊಂದು ಎಲ್ಲರಿಗೂ ಇತ್ತು, ಗದರಿಸಿಕೊಳ್ಳದವರಿಗೂ ಇತ್ತು.

ಅಂಥ ಮಾಯವ್ವ ನಿನ್ನೆ ಸಂಜೆ ಅಂಗಡಿಗೆ ಹಲಗೆ ಹಾಕುವಾಗ ಎದೆ ಹಿಡಿದುಕೊಂಡು ಕುಳಿತವಳು ಏಳಲಿಲ್ಲ. ಗಂಡನ ಮುಂದೆ ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ಆ ಗಂಡ ಶಟ್ಟೆಪ್ಪ ಹೊರಗಿನ ಕಟ್ಟೆಯ ಮೇಲೆ ಕುಳಿತು ಮಣ್ಣಿಗೆ ಬಂದವರನ್ನೆಲ್ಲ "ಚಾ ಕುಡದ್ರಿ?" ಎಂದು ಕೇಳುತ್ತಿದ್ದ. ಹೆಣ ಎತ್ತುವ ತನಕ ಒಲೆ ಹೊತ್ತಿಸದ ಮನೆಯಲ್ಲಿ ಚಹಾ ಎಲ್ಲಿಂದ ಬರಬೇಕು? ಆದರೂ ಎಲ್ಲರೂ "ಆತ್ರಿ, ಆತ್ರಿ" ಎನ್ನುತ್ತಿದ್ದರು.

ಬಲಗೈ ಮುಗಿಯಿತು. ಎಡಗೈಗೆ ತವರಿನವರೇ ಬಳೆ ಇಡಬೇಕು, ತವರಿನ ಸೀರೆ ಉಡಿಸಬೇಕು ಎನ್ನುವುದು ಈ ಮನೆತನದ ರೂಢಿ. ತವರಿನವರೆಂದರೆ ಈಗ ಉಳಿದವಳು ಮಾಯವ್ವನ ತಂಗಿ ಕೆಂಪವ್ವ ಒಬ್ಬಳೇ, ಸಿರಸಂಗಿಯಿಂದ ಬರಬೇಕು. ಜೊತೆಗೆ ಅವಳ ಮಗಳು ಪೂನಮ್.

ಆ ಹೆಸರು ಮನಸ್ಸಿನಲ್ಲಿ ಬಂದೊಡನೆ ಅನ್ನಪೂರ್ಣಾಳ ಕೈ ಸೋಪಿನ ನೀರಿನಲ್ಲೇ ನಿಂತಿತು.

"ಅಳ ಯವ್ವಾ ಅಳ," ಎಂದಳು ಸೋಮವ್ವ ಅವಳ ಬೆನ್ನು ಸವರಿ. "ರಾಮದುರ್ಗದಿಂದ ಬಂದಾಗಿಂದ ಒಂದ ಹನಿ ಕಣ್ಣೀರ ಹಾಕಿಲ್ಲ ನೀ. ಒಳಗ ಇಟಗೊಂಡ್ರ ಎದಿ ಬಿರೀತೈತಿ."

ಒಳಗೆ ಇದ್ದದ್ದು ಅಳುವಲ್ಲ, ಒಂದು ಪ್ರಶ್ನೆ. ಮದುವೆಗೆ ಮೊದಲಿನಿಂದ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ್ದಳು. ಪ್ರತಿ ಪಂಚಮಿಗೆ ತವರಿಗೆ ಬಂದಾಗ ಈ ಸಲ ಕೇಳಿಯೇ ಬಿಡುತ್ತೇನೆ ಎಂದುಕೊಳ್ಳುವುದು, ಉಂಡಿ ತಿಂದು, ಜೋಕಾಲಿ ಆಡಿ, ಕೇಳದೇ ಬಸ್ಸು ಹತ್ತುವುದು. ಈಗ ಉತ್ತರ ಹೇಳಬೇಕಾದ ಬಾಯಿಯಲ್ಲಿ ಯಾರೋ ಎಲೆ ಅಡಿಕೆ ಇಟ್ಟಿದ್ದರು.

ಅವ್ವ ಅಂದು ಹುಣ್ಣಿಮೆಯ ಎಣಿಕೆ ತಪ್ಪಿದಳೋ, ತಪ್ಪಿಸಿದಳೋ?

*

ಆಗ ಅನ್ನಪೂರ್ಣಾಗೆ ಹತ್ತೊಂಬತ್ತು. ಸವದತ್ತಿ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು. ಕನ್ನಡ ಟೀಚರ್ ಆಗಬೇಕು, ಕನ್ನಡಕ ಹಾಕಿಕೊಂಡು ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ವರಾಂಡದಲ್ಲಿ ನಡೆಯಬೇಕು ಎಂಬ ಆಸೆ ಅವಳಿಗಿತ್ತು. ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದರೂ ಕನ್ನಡಕದ ಆಸೆ. ಮದುವೆ ಆಗೋಣ ಎಂದಿದ್ದ ಹುಡುಗ ಇವಳು ಬಸುರಿ ಎಂದು ತಿಳಿದ ವಾರದಲ್ಲೇ ಗೋವೆಗೆ ದುಡಿಯಲು ಹೋದ. ಹೋದವನು ಹೋದ.

ಮಾಯವ್ವ ಮಗಳಿಗೆ ಒಂದು ಏಟು ಹೊಡೆದಳು. ಆಮೇಲೆ ತಾನೇ ಅತ್ತಳು. ಅತ್ತು ಮುಗಿದ ಮೇಲೆ, "ನಿಮ್ಮಪ್ಪಗ ಗೊತ್ತಾಗೂದ ಬ್ಯಾಡ. ಬೈಲಹೊಂಗಲಕ್ಕ ಹೋಗಿ ತಗಸ್ಕೊಂಡ ಬರೂಣು," ಎಂದಳು. ಅನ್ನಪೂರ್ಣಾಗೂ ಅದೇ ಬೇಕಿತ್ತು. ಇದರಲ್ಲಿ ಮುಚ್ಚುಮರೆ ಏನಿಲ್ಲ: ಅವಳಿಗೆ ಅದು ಬೇಡವಾಗಿತ್ತು, ಅದನ್ನು ಕಳೆದುಕೊಂಡು ಸೋಮವಾರ ಕ್ಲಾಸಿಗೆ ಹೋಗುವುದು ಬೇಕಿತ್ತು.

ಹೋಳಿ ಹುಣ್ಣಿಮೆ ಆದ ಎರಡನೇ ದಿನ ಹೊರಟರು. ಯರಗಟ್ಟಿಯಲ್ಲಿ ಬಸ್ಸು ಬದಲಿಸಬೇಕು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಮಾಯವ್ವ ಶೇಂಗಾ ಸುಲಿದು ಮಗಳ ಅಂಗೈಗೆ ಹಾಕುತ್ತಿದ್ದಳು.

"ಯವ್ವಾ, ಹೊಟ್ಯಾಗ ಏನೋ ಮಿಡದಂಗ ಆಗತೈತಿ," ಎಂದಳು ಅನ್ನಪೂರ್ಣಾ. "ಹಸಿವಿಗೇನ?"

ಮಾಯವ್ವನ ಕೈ ನಿಂತಿತು. "ಯಾವಾಗಿಂದ?"

"ಬಸ್ಸಿನ್ಯಾಗ ಒಮ್ಮಿ ಆತು. ಈಗ ಮತ್ತ."

ಮಾಯವ್ವ ಉಳಿದ ಶೇಂಗಾವನ್ನು ಸುಲಿಯದೆ ಹಾಗೆಯೇ ಮಗಳ ಉಡಿಗೆ ಸುರಿದಳು. "ತಿನ್ನು," ಎಂದಳು. ಬೈಲಹೊಂಗಲ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕುಳಿತಳು.

ಡಾಕ್ಟರಬಾಯಿ ಒಳ್ಳೆಯವರೇ. ಗದರಲಿಲ್ಲ, ಹೆಸರು ಕೆಡಿಸುವ ಮಾತಾಡಲಿಲ್ಲ. ಆದರೆ ಕೇಳುವ ಮಾತನ್ನೆಲ್ಲ ತಾಯಿಯ ಮುಖ ನೋಡಿಯೇ ಕೇಳಿದರು. "ಹುಡುಗಿ ಕಡೀ ಸಲ ಹೊರಗಾಗಿದ್ದು ಯಾವಾಗ?"

ಅನ್ನಪೂರ್ಣಾಗೆ ಗೊತ್ತಿತ್ತು. ಗೌರಿ ಹುಣ್ಣಿಮೆಗೆ. ಅಂದು ಓಣಿಯ ಹುಡುಗಿಯರೆಲ್ಲ ಸಕ್ಕರೆ ಗೊಂಬೆಗಳ ಆರತಿ ಹಿಡಿದು ಹೋಗುವಾಗ ಅವಳು ಹೊರಗಾಗಿ ಹಿತ್ತಲ ಬಾಗಿಲಲ್ಲಿ ಕುಳಿತಿದ್ದಳು. ಮುಖ ಸಣ್ಣದು ಮಾಡಿಕೊಂಡ ಮಗಳಿಗೆ ಮಾಯವ್ವನೇ ಒಂದು ಸಕ್ಕರೆ ಗಿಳಿಯನ್ನು ಸೆರಗಿನಲ್ಲಿ ಮುಚ್ಚಿ ತಂದು, ಮುಟ್ಟದೆ ಮೇಲಿನಿಂದ ಅಂಗೈಗೆ ಬೀಳಿಸಿದ್ದಳು.

"ಸೀಗಿ ಹುಣ್ಣಿವಿಗ್ರಿ ಬಾಯಾರ," ಎಂದಳು ಮಾಯವ್ವ.

ಸೀಗೆ ಹುಣ್ಣಿಮೆ, ಹೊಲಕ್ಕೆ ಚರಗ ಚೆಲ್ಲುವ ಹುಣ್ಣಿಮೆ. ಗೌರಿ ಹುಣ್ಣಿಮೆಗಿಂತ ಒಂದು ತಿಂಗಳು ಮೊದಲು.

ಡಾಕ್ಟರಬಾಯಿ ಬೆರಳು ಮಡಿಚಿ ಎಣಿಸಿದರು. ಹೊಟ್ಟೆ ಒತ್ತಿ ನೋಡಿದರು. "ಅಷ್ಟ ತಿಂಗಳಿನ ಹೊಟ್ಟಿ ಕಾಣೂದಿಲ್ಲಲ್ಲ?"

"ಹುಡುಗಿ ಸಣಕಲರಿ. ನಮ್ಮ ಮನಿತನದಾಗ ಹೊಟ್ಟಿ ಹೊರಗ ಬರೂದ ತಡಾರಿ."

"ಐದ ತಿಂಗಳ ಆಗಿ ಹೋತು ಹಂಗಾರ. ಕಾಯ್ದೆ ಬಿಡೂದಿಲ್ಲ, ನಾನೂ ಕೈ ಹಾಕೂದಿಲ್ಲ. ಇನ್ನೊಂದೆರಡ ತಿಂಗಳಾದ್ರ ಹೊರಗ ಬಂದೂ ಉಸರಾಡೂ ಜೀವ ಅದು. ಅನುಮಾನ ಇದ್ರ ಧಾರವಾಡಕ್ಕ ಹೋಗಿ ಸ್ಕ್ಯಾನಿಂಗ್ ಮಾಡಸ್ರಿ."

ಅನ್ನಪೂರ್ಣಾ ಬಾಯಿ ತೆರೆದಳು. ತಾಯಿಯ ಕೈ ಬಂದು ಅವಳ ಕೈಯ ಮೇಲೆ ಕುಳಿತಿತು, ಬಳೆಗಳು ಚರ್ಮಕ್ಕೆ ಒತ್ತುವಷ್ಟು ಗಟ್ಟಿಯಾಗಿ. ಅವಳು ಬಾಯಿ ಮುಚ್ಚಿದಳು.

ಧಾರವಾಡಕ್ಕೆ ಯಾರೂ ಹೋಗಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಅನ್ನಪೂರ್ಣಾ ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಳು. ಆ ವರ್ಷ ಅಧಿಕ ಮಾಸ ಬಂದಿತ್ತು, ಆಶ್ವೀಜವೇ ಎರಡು ಸಲ. ಹಿರಿಯರೆಲ್ಲ ಹಬ್ಬ ಯಾವ ತಿಂಗಳದ್ದೆಂದು ಗೊಂದಲ ಮಾಡಿಕೊಂಡು ಜಗಳಾಡಿದ್ದರು. ಅವ್ವನೂ ಆ ಗೊಂದಲದಲ್ಲಿ ಒಂದು ಹುಣ್ಣಿಮೆ ಹಿಂದೆ ಮುಂದೆ ಮಾಡಿರಬೇಕು, ಸಕ್ಕರೆ ಗಿಳಿಯ ನೆನಪು ಅವಳಿಗೆ ಇರಲಿಕ್ಕಿಲ್ಲ. ಹೀಗೆ ಅಂದುಕೊಂಡದ್ದರಿಂದಲೇ ಅವಳು ಆಮೇಲೂ ಆ ತಾಯಿಯ ಕೈಯ ಅನ್ನ ಉಂಡಳು.

*

ಕೆಂಪವ್ವ ಬಂದದ್ದು ಓಣಿಯ ತುದಿಯಿಂದಲೇ ಗೊತ್ತಾಯಿತು. "ನನ್ನ ಬಿಟ್ಟ ಹೆಂಗ ಹ್ವಾದೇ ನನ ಅಕ್ಕಾ, ಯಾರ ಮುಂದ ಹೇಳ್ಲೇ ನನ ತಾಯಿ" ಎಂದು ಹಾಡಿಕೊಂಡು ಅಳುತ್ತ ಬಂದವಳು ಹೊಸ್ತಿಲಲ್ಲೇ ಕುಸಿದಳು. ಕಂಕುಳಲ್ಲಿ ತವರಿನ ಹಸಿರು ಸೀರೆ. ಹಿಂದೆಯೇ ಪೂನಮ್, ಬಸ್ ಕಂಡಕ್ಟರಿನ ಖಾಕಿಯಲ್ಲೇ. ರಾತ್ರಿ ಡ್ಯೂಟಿಯ ಅರ್ಧದಲ್ಲಿ ಸುದ್ದಿ ತಿಳಿದು, ಬಸ್ಸನ್ನು ಇನ್ನೊಬ್ಬರಿಗೆ ಒಪ್ಪಿಸಿ ಬಂದಿದ್ದಳು.

ಅವಳು ದೊಡ್ಡವ್ವನ ಕಾಲ ಮೇಲೆ ತಲೆಯಿಟ್ಟು ಒಂದು ಗಳಿಗೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಎದ್ದು ಬಾಗಿಲ ಕಡೆ ತಿರುಗಿ, "ನಡಕ ನಿಲ್ಲಬ್ಯಾಡ್ರಿ, ಹಿಂದಕ ಸರೀರಿ, ಹಿಂದ ಖಾಲಿ ಐತಿ," ಎಂದಳು. ಅಷ್ಟು ದುಃಖದಲ್ಲೂ ಇಬ್ಬರು ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಜನ ಮಾತ್ರ ತೆಪ್ಪಗೆ ಹಿಂದಕ್ಕೆ ಸರಿದರು.

"ಅಕ್ಕಾ, ಏನರ ಕುಡದೀ?" ಎಂದು ಕೇಳುತ್ತ ಬಂದು ಅನ್ನಪೂರ್ಣಾಳ ಪಕ್ಕದಲ್ಲಿ ಕುಳಿತಳು. ಹುಟ್ಟಿದಾಗಿನಿಂದ ಅಕ್ಕ ಎಂದೇ ಕರೆದವಳು. ದೊಡ್ಡವ್ವನ ಮಗಳು ಅಕ್ಕ ಅಲ್ಲದೆ ಇನ್ನೇನು. ಅನ್ನಪೂರ್ಣಾ ತಲೆ ಆಡಿಸಿದಳು. ಪೂನಮ್ ಬಂದಾಗಲೆಲ್ಲ ಅವಳನ್ನು ನೋಡದೆ ಇರಲು ಅವಳು ಪಾತ್ರೆಯನ್ನೋ ಗೋಡೆಯನ್ನೋ ನೋಡುತ್ತಿದ್ದಳು. ಇಂದು ಸೋಪಿನ ನೀರನ್ನು ನೋಡಿದಳು.

ಕೆಂಪವ್ವನ ಅಳು ಇಳಿದ ಮೇಲೆ ಸೋಮವ್ವನ ಮಾತು ಏರಿತು. ಸತ್ತವರ ಗುಣ ಎತ್ತಿ ಹಾಡದಿದ್ದರೆ ಅವಳಿಗೆ ಸಾವು ಪೂರ್ತಿ ಆದಂತೆ ಅನಿಸುವುದಿಲ್ಲ. "ಕೈ ನೋಡಿದ್ರ ಅಳತಿ ಹೇಳತಿದ್ಲವ್ವ ಮಾಯವ್ವ. ಮುಟ್ಟತಿದ್ದಿಲ್ಲ ಸೈತ. ಮತ್ತ ಹುಣ್ಣಿವಿ ಎಣಿಕಿ? ಅಗದಿ ಪಕ್ಕಾ. ಯಾರ ಸೊಸಿ ಯಾವ ಹುಣ್ಣಿವಿಗೆ ಹಡೀತಾಳ, ಯಾರ ಎಮ್ಮಿ ಯಾವ ಹುಣ್ಣಿವಿಗೆ ಈಯತೈತಿ, ಎಲ್ಲಾ ಬಾಯಾಗ."

"ಹೌದ ಬಿಡ್ರಿ," ಎಂದಳು ಒಬ್ಬ ಹೆಂಗಸು. "ನಮ್ಮ ಮನ್ಯಾಗಿಂದ ಅಕಿಗೆ ಗೊತ್ತಿರತಿತ್ತು."

"ಆ ಅಧಿಕ ಮಾಸದ ವರ್ಷ ಕೇಳು. ನಮ್ಮ ಸಾಲಿನ್ಯಾಗ ಎಲ್ಲಾರೂ ಮೋಸ ಹ್ವಾದ್ವಿ. ಎರಡ ಆಶ್ವೀಜ ಬಂದ್ವಲ್ಲ, ಮೊದಲನೇದ್ದನ್ನ ಸೀಗಿ ಹುಣ್ಣಿವಿ ಅನಕೊಂಡ ಅಲ್ಲಿಂದ ಎಣಿಸಿದ್ವಿ. ಹೊಸ್ತಿಲ ಹುಣ್ಣಿವಿ ಜಾತ್ರಿ ಬಂದ ಬಿಡ್ತಂತ ಬಳಿ ಡಬ್ಬಿಗಟ್ಲೆ ತರಿಸಿಟ್ವಿ. ಗುಡ್ಡದಾಗ ಜನಾನ ಇಲ್ಲ! ತಿಂಗಳಾ ನೊಣಾ ಹೊಡಕೋಂತ ಕುಂತ್ವಿ."

"ಕ್ಯಾಲೆಂಡರ್ ಇದ್ದಿದ್ದಿಲ್ಲೇನ ಸೋಮವ್ವಾ?" ಪೂನಮ್ ಕೇಳಿದಳು.

"ಇತ್ತಲ್ಲ. ದೇವರ ಚಿತ್ರ ಚಂದ ಇತ್ತಂತ ಹಾಕಿದ್ವಿ. ಮಾಯವ್ವ ಒಬ್ಬಾಕಿ ಒಂದ ಡಬ್ಬಿ ತರಿಸಲಿಲ್ಲ ನೋಡ. 'ಇದು ಹೆಚ್ಚಿನ ಹುಣ್ಣಿವಿ, ಇದನ್ನ ಎಣಿಸೂದಲ್ರೇ' ಅಂತ ನಮ್ಮ ಮಾರಿ ಮ್ಯಾಲ ನಕ್ಕಿದ್ಲು. ಎಲ್ಲಾರೂ ತಪ್ಪಿದ ವರ್ಷ ಅಕಿ ಒಬ್ಬಾಕಿ ತಪ್ಪಲಿಲ್ಲ."

ಅನ್ನಪೂರ್ಣಾ ತಲೆ ಎತ್ತಿದಳು. "ಯಾವ ವರ್ಷ ಅದು, ಸೋಮಕ್ಕಾ?"

"ನೀ ಕಾಲೇಜ ಬಿಟ್ಟ ವರ್ಷ ನೋಡ ಯವ್ವಾ. ಅದ ವರ್ಷ."

ಅನ್ನಪೂರ್ಣಾ ಸೋಪಿನ ನೀರಿನಿಂದ ಕೈ ತೆಗೆದಳು. ಇಷ್ಟು ಕಾಲ ಅವಳು ತಾಯಿಗೆ ಕೊಟ್ಟುಕೊಂಡು ಬಂದಿದ್ದ ಒಂದೇ ಒಂದು ಕ್ಷಮೆಯನ್ನು ಸೋಮವ್ವ ಹೊಗಳಿಕೆಯ ಮಾತಿನಲ್ಲೇ ಕಿತ್ತುಕೊಂಡಿದ್ದಳು, ಪಾಪ, ತನಗೇ ತಿಳಿಯದೆ.

*

ಕಾಲೇಜು ಬಿಟ್ಟಳು ಎಂದರೆ ಬಿಡಿಸಿದರು. ಬ್ಯಾಂಕಿನ ಪರೀಕ್ಷೆಗೆ ಓದಲು ಚಿಗವ್ವನ ಮನೆಗೆ ಹೋಗಿದ್ದಾಳೆ ಎಂದು ಶಟ್ಟೆಪ್ಪನಿಗೂ ಊರಿಗೂ ಹೇಳಿದರು. ಸಿರಸಂಗಿಯಲ್ಲಿ ಕೆಂಪವ್ವನ ಮನೆಯ ಒಳಕೋಣೆಯೇ ಅವಳ ಊರಾಯಿತು. ಕೆಂಪವ್ವನಿಗೆ ಮದುವೆಯಾಗಿ ವರ್ಷಗಳಾಗಿದ್ದವು. ಮೂರು ಸಲ ಕಟ್ಟಿದ ಬಸಿರು ಮೂರೂ ಸಲ ಇಳಿದು ಹೋಗಿತ್ತು. ಅವಳು ಅನ್ನಪೂರ್ಣಾಳ ಕಾಲಿಗೆ ಎಣ್ಣೆ ತಿಕ್ಕುವಾಗ ಹೊಟ್ಟೆಯ ಕಡೆ ನೋಡುತ್ತಿರಲಿಲ್ಲ. ಆಸೆ ಕಣ್ಣಿಗೆ ಬಂದೀತು ಎಂದು ಅಂಜುತ್ತಿದ್ದಳು.

ಡಾಕ್ಟರಬಾಯಿಯ ಲೆಕ್ಕದಂತೆ ಬರಬೇಕಾದ ತಿಂಗಳಿಗೆ ಕೂಸು ಬರಲಿಲ್ಲ. "ಚೊಚ್ಚಲಾ ತಡಾನ ಆಗತೈತಿ," ಎಂದಳು ಮಾಯವ್ವ. ಇನ್ನೊಂದು ಹುಣ್ಣಿಮೆ ತುಂಬಿದ ಮೇಲೆ, ನೂಲ ಹುಣ್ಣಿಮೆಯ ಬೆಳಿಗ್ಗೆ, ಗುಂಡಗಿನ ಹೆಣ್ಣುಕೂಸು ಹುಟ್ಟಿತು.

ಹನ್ನೆರಡನೇ ದಿನ ಮಾಯವ್ವ ಕೆಂಪವ್ವನನ್ನು ಮಣೆಯ ಮೇಲೆ ಕೂರಿಸಿ ಸೆರಗು ಒಡ್ಡಿಸಿದಳು. ಕೂಸನ್ನು ತಾನು ಎತ್ತಲಿಲ್ಲ. ಮಗಳಿಗೆ, "ನೀನ ಹಾಕು," ಎಂದಳು.

"ನಾ ಒಲ್ಲೆ. ನೀ ತಂದಿದ್ದು, ನೀನ ಹಾಕು."

"ನಾ ಹಾಕಿದ್ರ ಕಸಗೊಂಡ ಕೊಟ್ಟಂಗ ಆಗತೈತಿ. ನಿನ್ನ ಕೈಲೆ ಉಡಿಯಾಗ ಬಿದ್ರ ಕೊಟ್ಟಂಗ ಆಗತೈತಿ. ಹಾಕ ಯವ್ವಾ, ಕೈ ಮುಗಿತೇನಿ."

ಹಾಕಿದಳು. ಕೂಸಿನ ಮುಷ್ಟಿ ಅವಳ ಬಳೆಯೊಂದನ್ನು ಹಿಡಿದುಕೊಂಡಿತ್ತು, ಬಿಡಿಸಬೇಕಾಯಿತು. ಎದೆಯ ಹಾಲು ಬತ್ತಲು ಕಟ್ಟಿದ ಬಟ್ಟೆ ರಾತ್ರಿಗೆಲ್ಲ ತೊಯ್ದು ಹೋಗುತ್ತಿತ್ತು. ಅದೊಂದನ್ನು ಅವಳು ಇಂದಿಗೂ ಯಾರಿಗೂ ಹೇಳಿಲ್ಲ. ಮರುವರ್ಷ ರಾಮದುರ್ಗದ ಸತ್ಯಪ್ಪನ ಜೊತೆ ಮದುವೆಯಾಯಿತು. ಪವರ್‌ಲೂಮಿನ ಸದ್ದಿನ ಮನೆ, ಒಳ್ಳೆಯ ಗಂಡ, ಇಬ್ಬರು ಗಂಡುಮಕ್ಕಳು. ಈಚೆಗೆ ನಿಜವಾಗಿಯೂ ಕನ್ನಡಕ ಬಂತು, ಆದರೆ ಅದನ್ನು ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದಳು.

*

ಕೆಂಪವ್ವ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಳು. ಅನ್ನಪೂರ್ಣಾ ಹಿಂದಿನಿಂದ ಹೋಗಿ ಬಾಗಿಲು ಮುಂದೆ ಮಾಡಿದಳು.

"ಚಿಗವ್ವಾ, ಒಂದ ಮಾತ ಕೇಳತೇನಿ. ಇವತ್ತ ಸುಳ್ಳ ಹೇಳಬ್ಯಾಡ."

ಕೆಂಪವ್ವ ತಂಬಿಗೆ ಕೆಳಗಿಟ್ಟಳು. ಮುಖದಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಕೇಳು."

"ಬೈಲಹೊಂಗಲದಾಗ ಅವ್ವ ಸೀಗಿ ಹುಣ್ಣಿವಿ ಅಂದ್ಲು. ಅದು ಗೌರಿ ಹುಣ್ಣಿವಿ. ಮರತ ಅಂದ್ಲೋ, ಬೇಕಂತ ಅಂದ್ಲೋ?"

"ಇಷ್ಟ ವರ್ಷ ಯಾಕ ಕೇಳಲಿಲ್ಲ ನೀ?"

"ಅಂಜಿಕಿ."

"ಅಕಿನೂ ಕಾದ್ಲವ್ವ. ಪಂಚಮಿಗೆ ನೀ ಬರತೀ ಅಂದ್ರ, ಈ ಸಲ ಕೇಳತಾಳ ತಂಗಿ, ಕೇಳಿ ನನ್ನ ಬೈತಾಳ, ಅಂತಿದ್ಲು. ನೀ ಹ್ವಾದ ಮ್ಯಾಲ ಫೋನ ಮಾಡಿ, ಕೇಳಲಿಲ್ಲ ಅಕಿ, ಅಂತಿದ್ಲು. ಅಷ್ಟ ಹೇಳಿ ಫೋನ ಇಡತಿದ್ಲು."

"ಬೇಕಂತ ಅಂದ್ಲು ಹಂಗಾರ."

"ಬೇಕಂತ."

ಗೊತ್ತಿದ್ದ ಮಾತೇ. ಆದರೂ ಅನ್ನಪೂರ್ಣಾ ಅಲ್ಲಿಗೆ ಬಿಡಲಿಲ್ಲ. "ನಿನ್ನ ಸಲವಾಗಿ?"

"ನಾ ಕೇಳಿದ್ದಿಲ್ಲ. ಎಲ್ಲಮ್ಮನ ಆಣಿ, ಕೇಳಿದ್ದಿಲ್ಲ. ನೀ ಬಸರ ಅದಿ ಅನ್ನೂದ ಆವಾಗ ನನಗ ಗೊತ್ತಿದ್ದಿಲ್ಲ. ಯರಗಟ್ಟಿ ಸ್ಟ್ಯಾಂಡಿನ್ಯಾಗ ನೀ ಏನೋ ಅಂದೆಂತಲ್ಲ, ಹೊಟ್ಯಾಗ ಮಿಡೀತು ಅಂತ. ದವಾಖಾನಿ ಬಾಗಲತನಾ ಗೌರಿ ಹುಣ್ಣಿವಿ ಅಂತ ಹೇಳೂದಂತನ ಹೋಗಿದ್ಲಂತ. ಬಾಯಿ ತಗದ್ರ ಸೀಗಿ ಬಂತಂತ. ನನ್ನ ಸಲವಾಗಿ ಅಂದ್ಲೋ, ಕೂಸಿನ ಸಲವಾಗಿ ಅಂದ್ಲೋ, ತಗಸಾಕ ಹೋಗಿ ನಿನಗ ಏನರ ಆದೀತಂತ ಅಂಜಿ ಅಂದ್ಲೋ, ಅಕಿಗೂ ಗೊತ್ತಿದ್ದಿಲ್ಲವ್ವ."

"ಮಿಡದದ್ದು ನನಗ ಚಿಗವ್ವಾ. ನನ್ನ ಹೊಟ್ಟಿ ಅದು." ಅನ್ನಪೂರ್ಣಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಹತ್ತೊಂಬತ್ತ ವರ್ಷದಾಕಿ ಇದ್ದೆ ನಾನು, ಸಣ್ಣಾಕಿ ಅಲ್ಲ. ಒಂದ ಮಾತ ನನ್ನ ಕೇಳಬೇಕಿತ್ತು."

"ಕೇಳಬೇಕಿತ್ತು."

"ಕೇಳಿದ್ರ ನಾ ಬ್ಯಾಡ ಅಂತಿದ್ದೆ. ತಗಸ್ರಿ ಅಂತಿದ್ದೆ."

"ಗೊತ್ತಿತ್ತ ಅಕಿಗೆ," ಎಂದಳು ಕೆಂಪವ್ವ. "ಅದಕ್ಕ ಕೇಳಲಿಲ್ಲ."

ಒಳಗಿನಿಂದ ಪೂನಮ್‌ಳ ದನಿ ಬಂತು, ಯಾರಿಗೋ ಹೂವಿನ ಗಾಡಿಯನ್ನು ಎಲ್ಲಿ ತಿರುಗಿಸಬೇಕೆಂದು ಹೇಳುತ್ತಿದ್ದಳು. "ಬರ್ಲಿ, ಬರ್ಲಿ, ರೈಟ್!" ಇಬ್ಬರೂ ನಿಂತು ಕೇಳಿದರು. ಆ ದನಿ ಕಿವಿಯಲ್ಲಿ ಇರುವಾಗ ಬೇಡ ಎನ್ನುವುದು ಹೇಗೆ? ಆ ದನಿ ಇದೆ ಎಂಬ ಒಂದೇ ಕಾರಣಕ್ಕೆ ಅಂದು ಬಾಯಿ ಮುಚ್ಚಿಸಿಕೊಂಡ ಹುಡುಗಿಗೆ ಏನೂ ಅನ್ಯಾಯ ಆಗಲಿಲ್ಲ ಎನ್ನುವುದಾದರೂ ಹೇಗೆ? ಅನ್ನಪೂರ್ಣಾಗೆ ಎರಡೂ ಆಗಲಿಲ್ಲ. ತಾಯಿಯ ಮೇಲೆ ಸಿಟ್ಟು ಬಂತು, ಸತ್ತವಳ ಮೇಲೆ ಬರಬಾರದಷ್ಟು ಬಂತು. ಒದರಿ ಜಗಳಾಡಲು ಅವಳು ಬೇಕಾಗಿತ್ತು.

"ಇಕಿಗೆ ಗೊತ್ತೈತೇನ?"

"ನನ್ನ ಉಡಿಯಾಗ ಹಾಕಿದ ಕೂಸ ಅನ್ನೂದ ಗೊತ್ತೈತಿ. ಹಾಕಿದವರ ಯಾರಂತ ಅಕಿ ಕೇಳಿಲ್ಲ, ನಾ ಹೇಳಿಲ್ಲ." ಕೆಂಪವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಕಿ ಹೆಸರ ಯಾರ ಇಟ್ಟಾರಂತ ಮಾಡಿ?"

"ನೀ ಇಟ್ಟಿ. ಯಾವದೋ ಸಿನಿಮಾದ್ದು."

"ನಾ ಯಾವ ಸಿನಿಮಾ ನೋಡೀನಿ? ನಿಮ್ಮವ್ವ ಇಟ್ಲು. ಅಂಗಡಿಗೆ ಬಳಿ ಹಾಕಾಕ ಒಬ್ಬ ಹಿಂದಿ ಮನಷ್ಯಾ ಬರತಿದ್ನಲ್ಲ, ಅವನ್ನ ಕೇಳ್ಯಾಳ, ನಿಮ್ಮ ಕಡೆ ಹುಣ್ಣಿವಿಗೆ ಏನಂತೀರಿ ಅಂತ. ಪೂನಮ್ ಅಂತೇವಿ ಅಂದನಂತ. ತೊಟ್ಟಲದಾಗ ಹಾಕೂ ದಿನಾ ನನ್ನ ಕಿವ್ಯಾಗ ಅಂದ್ಲು, 'ಹೆಚ್ಚಿನ ಹುಣ್ಣಿವಿ ಇದು ತಂಗಿ. ನಾನ ಕೂಡಿಸಿದ್ದು. ಜ್ವಾಕಿ.'"

ಬಾಗಿಲು ಬಡಿದು ಸೋಮವ್ವ ಇಣುಕಿದಳು. "ಏನ ನಡಸೀರೇ ಚಿಗವ್ವ ಮಗಳು? ಹೊತ್ತ ಏರಾಕತ್ತೈತಿ. ಎಡಗೈ ಹಂಗ ಐತಿ ಇನ್ನ."

*

ಕೆಂಪವ್ವ ಅಕ್ಕನ ಎಡಗೈ ಹಿಡಿದು ಕುಳಿತಳು. ಒಂದು ಬಳೆಯನ್ನೂ ಗೆಣ್ಣಿನ ತನಕ ಒಯ್ಯಲಾಗಲಿಲ್ಲ. "ಪೂನಮ್, ನೀ ಇಡ ಯವ್ವಾ," ಎಂದಳು. "ನೀನೂ ತವರಿನಾಕಿನ."

ಪೂನಮ್ ಖಾಕಿ ತೋಳು ಮೇಲಕ್ಕೇರಿಸಿ ಕುಳಿತಳು. ನೂಕುನುಗ್ಗಲಿನಲ್ಲಿ ಟಿಕೀಟು ಹರಿದುಕೊಡುವ ಕೈಗೆ ಈ ಕೆಲಸ ಹೊಸದು. ಸೋಪಿನ ನೀರು ಹಚ್ಚಿದಳು, ಬಳೆ ಹಿಡಿದಳು, ಒತ್ತಿದಳು. ಚಿಟ್ ಎಂದಿತು.

"ಅಯ್ಯ, ಒಡೀತು!"

ಹೆಂಗಸರೆಲ್ಲ ಚುಚ್ ಎಂದರು. ಸೋಮವ್ವ ಬಾಯಿ ತೆರೆದಳು. ಅವಳಿಗಿಂತ ಮೊದಲು ಅನ್ನಪೂರ್ಣಾ ಮಾತಾಡಿದ್ದಳು.

"ಒಡೀತು ಅನಬಾರ್ದವ್ವಾ. ಹೆಚ್ಚಿತು ಅನಬೇಕು."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೇ ಕೇಳಿಸಿತು. ಎದುರಿಗೆ ಗೋಡೆಗೆ ಆನಿ ಕುಳಿತ ತಾಯಿಯ ಮುಖವನ್ನು ನೋಡಿದಳು. ಹಣೆಯ ತುಂಬ ಭಂಡಾರದ ಅರಿಷಿಣ, ಕಣ್ಣು ಅರ್ಧ ಮುಚ್ಚಿ, ಗಿರಾಕಿ ಏನನ್ನುತ್ತಾಳೋ ಎಂದು ಕಾಯುವಾಗ ಕುಳಿತಿರುತ್ತಿದ್ದ ಹಾಗೆಯೇ ಕುಳಿತಿದ್ದಳು.

"ಹೆಚ್ಚಿತು," ಎಂದಳು ಪೂನಮ್, ತಪ್ಪು ತಿದ್ದಿಕೊಂಡ ಮಗುವಿನ ಹಾಗೆ.

ಅನ್ನಪೂರ್ಣಾ ಹತ್ತಿರ ಸರಿದು ಪೂನಮ್‌ಳ ಕೈಯ ಮೇಲೆ ತನ್ನ ಕೈ ಇಟ್ಟಳು. "ಹಿಂಗ. ಮೊದಲ ಗೆಣ್ಣ ಸವರಬೇಕು. ಬಳಿ ಓರೆ ಮಾಡಿ ಹಿಡೀಬೇಕು. ಒತ್ತೂದಲ್ಲ, ತಿರುವೂದು." ನಾಲ್ಕು ಕೈ ಸೇರಿ ಒಂದು ಸತ್ತ ಕೈಗೆ ಬಳೆ ಏರಿಸಿದವು. ಮತ್ತೆ ಒಂದೂ ಹೆಚ್ಚಲಿಲ್ಲ. ತವರಿನ ಸೀರೆಯನ್ನು ಮೈಮೇಲೆ ಸುತ್ತಿ ಉಡಿಗೆ ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬು ತುಂಬಿದರು. ಹೊರಗೆ ಶಟ್ಟೆಪ್ಪ, "ಚಾ ಕುಡದ್ರಿ?" ಎಂದು ಹಲಗಿ ಬಾರಿಸುವವರನ್ನೂ ಕೇಳುತ್ತಿರುವುದು ಕೇಳಿಸಿತು.

ದಾರದಲ್ಲಿ ಒಂದು ಬಳೆ ಉಳಿದಿತ್ತು.

"ಮ್ಯಾಲಿಂದು ಅದು," ಎಂದಳು ಸೋಮವ್ವ. "ಅಕಿ ಎಲ್ಲಾರಿಗೂ ಇಡತಿದ್ಲು. ಅಕಿಗೂ ಇಟ್ಟ ಬಿಡ."

ಅನ್ನಪೂರ್ಣಾ ಬಳೆಯನ್ನು ದಾರದಿಂದ ಬಿಡಿಸಿದಳು. ತಾಯಿಯ ಕೈಯ ಕಡೆ ಒಯ್ಯಲಿಲ್ಲ. ಪೂನಮ್‌ಳ ಕೈ ನೋಡಿದಳು. ಒಂದರಲ್ಲಿ ಗಡಿಯಾರ, ಇನ್ನೊಂದು ಬರಿದು, ಹೆಬ್ಬೆರಳಿನ ಮೇಲೆ ಪೆನ್ನಿನ ಮಸಿ.

"ಪೂನಮ್, ಇದನ್ನ ನಿನ್ನ ಕೈಗೆ ಇಡ್ಲೇನ? ಬ್ಯಾಡಾದ್ರ ಬ್ಯಾಡ ಅನ್ನು."

"ಬಳಿ ಇಡಾಕ ಯಾರರ ಕೇಳತಾರೇನ ಅಕ್ಕಾ?"

"ನಾ ಕೇಳತೇನಿ."

ಪೂನಮ್ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಯಾವ ಪಾತ್ರೆಯ ಕಡೆಗೂ ಗೋಡೆಯ ಕಡೆಗೂ ತಿರುಗದೆ ಅನ್ನಪೂರ್ಣಾ ಆ ನೋಟವನ್ನು ನೋಡಿಸಿಕೊಂಡಳು. ಆಮೇಲೆ ಪೂನಮ್ ಬರಿಗೈಯನ್ನು ಮುಂದೆ ಚಾಚಿದಳು.

"ಇಡು," ಎಂದಳು.

ಸೋಪಿನ ನೀರು ಬೇಕಾಗಲಿಲ್ಲ. ಮಾಯವ್ವನ ಅಳತೆಯ ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿಯಿತು. ಹೊರಗೆ ಹಲಗಿ ಬಡಿಯಲು ಸುರುವಾಯಿತು, "ಏಳ್ರಿ, ಎತ್ತೂಣು" ಎಂದು ಗಂಡಸರು ಒಳಗೆ ಬಂದರು, ಹೆಂಗಸರೆಲ್ಲ ಒಮ್ಮೆಲೇ ಎದ್ದರು. ಅನ್ನಪೂರ್ಣಾ ಅಳುತ್ತಿದ್ದಳು. ಬಳೆ ಏರಿದ ಆ ಕೈಯನ್ನು ಅವಳು ಬಿಟ್ಟಿರಲಿಲ್ಲ, ಪೂನಮ್ ಕೂಡ ಬಿಡಿಸಿಕೊಳ್ಳಲಿಲ್ಲ.